ಅರ್ಜಿಯ ಇಂಗ್ಲಿಷು

ಮಸ್ಕಿಯ ಗುಡ್ಡದ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಮೊದಲು ಗುರುತಿಸಿದವನು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ಅವನು ಬಂದದ್ದು ಚಿನ್ನದ ಅದಿರು ಹುಡುಕಿಕೊಂಡು. ಸಿಕ್ಕಿದ್ದು ಒಬ್ಬ ಚಕ್ರವರ್ತಿಯ ಹೆಸರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಇದ್ದವು. ಅಶೋಕ ಎಂಬ ಹೆಸರು ಈ ಶಾಸನಗಳಲ್ಲಿ ಮೊದಲಬಾರಿಗೆ ಓದಲು ಸಿಕ್ಕಿದ್ದು ಮಸ್ಕಿಯಲ್ಲಿ. ನಮ್ಮ ಸೀಮೆಯ ಶಾಲೆಯ ಮಕ್ಕಳಿಗೆಲ್ಲ ಈ ಸಂಗತಿ ಬಾಯಿಪಾಠವಾಗಿದೆ.

ಇದೇ ಬಳಗಕ್ಕೆ ಸೇರಿದ ಇನ್ನೊಂದು ಶಾಸನದ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಶಾಸನ ಅದು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳಿಸಿದ ಓಲೆಯ ರೂಪದಲ್ಲಿ ಅದು ಆರಂಭವಾಗುತ್ತದೆ. ಮೊದಲು ಇಸಿಲದವರ ಆರೋಗ್ಯ ವಿಚಾರಿಸಬೇಕು, ಆಮೇಲೆ ರಾಜಾಜ್ಞೆಯನ್ನು ತಿಳಿಸಬೇಕು ಎಂದು ಅಲ್ಲಿ ಬರೆದಿದೆ. ಈ ಸುವರ್ಣಗಿರಿ ಎಲ್ಲಿತ್ತು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಕೆಲವರು ಆಂಧ್ರದ ಜೊನ್ನಗಿರಿ ಎನ್ನುತ್ತಾರೆ, ಕೆಲವರು ನಮ್ಮ ಮಸ್ಕಿ, ಕನಕಗಿರಿಗಳ ಸುತ್ತ ಅದನ್ನು ಗುರುತಿಸುತ್ತಾರೆ. ಯಾವುದೇ ಇರಲಿ, ಹೆಚ್ಚುಕಡಿಮೆ 2,250 ವರ್ಷಗಳ ಹಿಂದೆ ಅಧಿಕಾರದಲ್ಲಿದ್ದವರು ತಮ್ಮ ಕೈಕೆಳಗಿನವರಿಗೆ ಬರೆಯುವಾಗಲೂ ಮೊದಲ ಸಾಲಿನಲ್ಲಿ ‘ಆರೋಗ್ಯವೇ’ ಎಂದು ಕೇಳುವುದನ್ನು ಮರೆತಿರಲಿಲ್ಲ. ನಮ್ಮ ಹಿರಿಯರು ಇನ್‌ಲ್ಯಾಂಡ್ ಪತ್ರದಲ್ಲಿ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಬರೆದು ಆಮೇಲೆ ಮಳೆ ಬೆಳೆ ಸಾಲದ ವಿಷಯಕ್ಕೆ ಬರುತ್ತಿದ್ದರಲ್ಲ, ಅದರ ಹಿಂದೆ ಇಷ್ಟು ದೊಡ್ಡ ವಂಶಾವಳಿ ಇದೆ.

ಮಾತಿನಲ್ಲಿ ಎರಡು ಸಂಗತಿಗಳಿರುತ್ತವೆ. ಹೇಳಬೇಕಾದ ವಿಷಯ ಒಂದು. ಯಾರಿಗೆ, ಯಾವಾಗ, ಯಾವ ಹದದಲ್ಲಿ ಹೇಳಬೇಕು ಎಂಬುದು ಇನ್ನೊಂದು. ಎರಡನೆಯದನ್ನು ಅಭ್ಯಾಸ ಮಾಡುವ ಶಾಸ್ತ್ರಕ್ಕೆ ಭಾಷಾಶಾಸ್ತ್ರಜ್ಞರು ಪ್ರಾಗ್ಮಾಟಿಕ್ಸ್ ಎಂದು ಹೆಸರಿಟ್ಟಿದ್ದಾರೆ. ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ಜೆ.ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ, ಮಾತು ಎಂದರೆ ಬರೀ ಸುದ್ದಿ ಹೇಳುವುದಲ್ಲ, ಅದು ಒಂದು ಕೆಲಸ ಮಾಡುವುದು ಎಂದು ವಿವರಿಸಿದ. ಕೇಳಿಕೊಳ್ಳುವುದು, ಒಲ್ಲೆ ಎನ್ನುವುದು, ಮಾತು ಕೊಡುವುದು, ಕ್ಷಮೆ ಬೇಡುವುದು ಇವೆಲ್ಲ ಕೆಲಸಗಳೇ. ನಮ್ಮ ಕಡೆ ಇದಕ್ಕೆ ಹಳೆಯ ಮಾತೊಂದಿದೆ: ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ. ಇಲ್ಲಿ ‘ಬಲ್ಲ’ ಎಂದರೆ ವ್ಯಾಕರಣ ಬಲ್ಲ ಎಂದಲ್ಲ, ಹದ ಬಲ್ಲ ಎಂದು.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಮಕ್ಕಳಿಗೆ ತಲೆಮಾರುಗಳಿಂದ ಇಂಗ್ಲಿಷ್ ಕಲಿಸುತ್ತ ಬಂದಿದ್ದೇವೆ. ಆ ಪುಸ್ತಕಗಳು ಈ ಹದವನ್ನು ಹೇಗೆ ಕಲಿಸಿದವು, ಕಲಿಸಿದ್ದು ಯಾರ ಹದ ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ಇಂಗ್ಲಿಷ್ ಬರುವ ಮುಂಚೆಯೂ ಈ ಸೀಮೆಯಲ್ಲಿ ಪರಭಾಷೆಯ ಹದವನ್ನು ಪುಸ್ತಕ ಓದಿ ಕಲಿಯುವ ಪದ್ಧತಿ ಇತ್ತು. ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ ಬಹಮನಿಗಳಿಗೂ ವಿಜಯನಗರಕ್ಕೂ ಎಳೆದಾಟದ ನೆಲವಾಗಿತ್ತು. ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸಾ ಎಲ್ಲರಿಗೂ ಗೊತ್ತು. ಅವನು ಪಾರಸಿಯಲ್ಲಿ ಪತ್ರಲೇಖನದ ಕಲೆಯ ಮೇಲೆ ಗ್ರಂಥ ಬರೆದ, ತನ್ನ ಪತ್ರಗಳ ಸಂಗ್ರಹವನ್ನೂ ಮಾಡಿದ. ಇಂಥ ಬರವಣಿಗೆಗೆ ‘ಇನ್ಶಾ’ ಎಂದು ಹೆಸರು. ಮೇಲಿನವರಿಗೆ ಹೇಗೆ ಬರೆಯಬೇಕು, ಸರೀಕರಿಗೆ ಹೇಗೆ, ಕೆಳಗಿನವರಿಗೆ ಹೇಗೆ ಎಂದು ಮೂರು ದಾರಿಗಳನ್ನೂ ಇನ್ಶಾ ಪುಸ್ತಕಗಳು ಕಲಿಸುತ್ತಿದ್ದವು. ಇಷ್ಟೆಲ್ಲ ಬಲ್ಲ ಗವಾನನನ್ನು 1481ರಲ್ಲಿ ಅವನ ಸುಲ್ತಾನನೇ ಕೊಲ್ಲಿಸಿದ. ಅದಕ್ಕೆ ಕಾರಣವಾದದ್ದೂ ಅವನ ಮುದ್ರೆ ಒತ್ತಿದ ಒಂದು ಸುಳ್ಳು ಪತ್ರವೇ ಎಂಬುದು ಇತಿಹಾಸದ ಕ್ರೂರ ವ್ಯಂಗ್ಯ.

ನಮ್ಮ ಕನ್ನಡಕ್ಕೆ ಅರ್ಜಿ, ದರಖಾಸ್ತು, ಫಿರ್ಯಾದಿ, ಮಹಜರು, ರುಜು ಎಂಬ ಮಾತುಗಳು ಬಂದದ್ದು ಈ ದಫ್ತರಗಳ ದಾರಿಯಲ್ಲೇ. ಈಸ್ಟ್ ಇಂಡಿಯಾ ಕಂಪನಿಯ ಸಾಹೇಬರು ಕೂಡ ಮೊದಲು ಇದೇ ವಿದ್ಯೆ ಕಲಿತರು. ಹರಕರಣ ಎಂಬ ಮುನ್ಶಿಯ ಇನ್ಶಾವನ್ನು ಫ್ರಾನ್ಸಿಸ್ ಬಾಲ್ಫರ್ ಇಂಗ್ಲಿಷಿಗೆ ತಿರುಗಿಸಿ 1781ರಲ್ಲಿ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದ. ಆಗಿನ್ನೂ ಕಂಪನಿಯವರು ಅರ್ಜಿ ಹಿಡಿದು ನಿಲ್ಲುವ ಕಾಲ. ಆದ್ದರಿಂದ ಮೂರೂ ದಾರಿಗಳು ಅವರಿಗೆ ಬೇಕಾಗಿದ್ದವು.

ಕಾಲ ಬದಲಾಯಿತು. ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟಿನ ಛಾವಣಿ ಬಂತು. 1853ರಲ್ಲಿ ನಿಜಾಮ ಸಾಲದ ಬಾಬ್ತಿಗೆ ರಾಯಚೂರು ದೋಆಬನ್ನು ಕಂಪನಿಯ ಕೈಗೆ ಒಪ್ಪಿಸಿದ. 1860ರಲ್ಲಿ ಅದು ಮರಳಿ ಅವನ ಪಾಲಿಗೆ ಬಂತು. ಮುಂದೆ ಕೆಲವು ದಶಕ ಲಿಂಗಸುಗೂರು ಜಿಲ್ಲಾ ಕೇಂದ್ರವೂ ಆಗಿತ್ತು. ಛಾವಣಿ ಇದ್ದಲ್ಲಿ ಸಾಹೇಬರು, ಸಾಹೇಬರು ಇದ್ದಲ್ಲಿ ಮುನ್ಶಿಗಳು. ಈ ಕಾಲಕ್ಕೆ ದೇಶದ ತುಂಬ ಎರಡು ಬಗೆಯ ಪುಸ್ತಕಗಳು ಓಡಾಡುತ್ತಿದ್ದವು. ಒಂದು, ಸಾಹೇಬರಿಗೆ ಹಿಂದೂಸ್ತಾನಿ ಕಲಿಸುವ ಕೈಪಿಡಿ. ಅದರ ವಾಕ್ಯಗಳು ಹೆಚ್ಚಾಗಿ ಅಪ್ಪಣೆಗಳು: ನೀರು ತಾ, ಕುದುರೆ ಕಟ್ಟು, ಬೇಗ ಹೋಗು. ಇನ್ನೊಂದು, ನೇಟಿವರಿಗೆ ಇಂಗ್ಲಿಷ್ ಪತ್ರಲೇಖನ ಕಲಿಸುವ ಪುಸ್ತಕ. ಅದರ ವಾಕ್ಯಗಳು ಹೆಚ್ಚಾಗಿ ಬೇಡಿಕೆಗಳು: ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಪಾದಕ್ಕೆ ಬಿದ್ದವನಾಗಿ, ತಮ್ಮ ವಿಧೇಯ ಸೇವಕ. ಒಬ್ಬರಿಗೆ ಬೇಡುವ ಭಾಷೆ ಬೇಕಿರಲಿಲ್ಲ, ಇನ್ನೊಬ್ಬರಿಗೆ ಆಜ್ಞಾಪಿಸುವ ಭಾಷೆಯನ್ನು ಕೊಡಲಿಲ್ಲ. ಸರೀಕರು ಸರೀಕರೊಡನೆ ಆಡುವ ಮಾತು ಎರಡು ಪುಸ್ತಕಗಳಲ್ಲೂ ಅಪರೂಪವಾಯಿತು. ಇನ್ಶಾದ ಮೂರು ದಾರಿಗಳಲ್ಲಿ ಒಂದೊಂದೇ ಉಳಿದವು.

ಹಾಗೆಂದು ಎಲ್ಲ ಸಾಹೇಬರೂ ಕೈಪಿಡಿಯ ಸಾಹೇಬರಾಗಿರಲಿಲ್ಲ. ಲಿಂಗಸುಗೂರಿಗೆ ಉತ್ತರದ ಸುರಪುರದಲ್ಲಿ 1841ರಿಂದ 1853ರವರೆಗೆ ಆಡಳಿತ ನೋಡಿದ ಮೆಡೋಸ್ ಟೇಲರನನ್ನು ಬಾಲರಾಜ ವೆಂಕಟಪ್ಪನಾಯಕ ‘ಅಪ್ಪಾ’ ಎಂದೇ ಕರೆಯುತ್ತಿದ್ದ. 1858ರಲ್ಲಿ ಸುರಪುರ ದಂಗೆಯೆದ್ದಾಗ ಅದನ್ನು ಅಡಗಿಸಲು ದಂಡು ಹೊರಟದ್ದು ಲಿಂಗಸುಗೂರಿನ ಛಾವಣಿಯಿಂದ. ರಾಜ ಸೆರೆಯಾದ ಮೇಲೆ ಟೇಲರ್ ಅವನನ್ನು ಕಾಣಲು ಹೋದಾಗಲೂ ಆ ಹುಡುಗನ ಬಾಯಲ್ಲಿ ಬಂದದ್ದು ಅದೇ ಮಾತು. ಟೇಲರ್ ತನ್ನ ಆತ್ಮಕಥೆಯಲ್ಲಿ ಆ ಪದವನ್ನು ಕನ್ನಡದಲ್ಲಿಯೇ ಉಳಿಸಿಕೊಂಡಿದ್ದಾನೆ. ಇಂಗ್ಲಿಷಿನಲ್ಲಿ ಅದಕ್ಕೆ ಸರಿಸಮನಾದ ಪದ ಇಡಲಿಲ್ಲ. ನಮ್ಮಲ್ಲಿ ‘ಯಪ್ಪಾ’ ಎನ್ನುವುದು ಹಡೆದ ತಂದೆಗೆ ಮಾತ್ರ ಹೇಳುವ ಮಾತಲ್ಲ. ಮಠದ ಸ್ವಾಮಿಗಳಿಗೂ, ಸಂಕಟದಲ್ಲಿ ಕೈಹಿಡಿದವನಿಗೂ, ಕೆಲವೊಮ್ಮೆ ಮೊಮ್ಮಗನಿಗೂ ಅದೇ ಮಾತು. ಅದರಲ್ಲಿ ಗೌರವವೂ ಸಲುಗೆಯೂ ಒಟ್ಟಿಗೇ ಇರುತ್ತವೆ. ಅರ್ಜಿಯ ಇಂಗ್ಲಿಷಿನಲ್ಲಿ ಈ ಎರಡನೆಯದಕ್ಕೆ ಜಾಗವೇ ಇರಲಿಲ್ಲ.

ನಿಜಾಮನ ಆಡಳಿತದಲ್ಲಿ 1880ರ ದಶಕದ ಹೊತ್ತಿಗೆ ಪಾರಸಿಯ ಜಾಗಕ್ಕೆ ಉರ್ದು ಬಂತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಆರಂಭವಾಯಿತು. ಇಂಗ್ಲಿಷ್ ಅಲ್ಲಿ ಕಡ್ಡಾಯ ವಿಷಯವಾಗಿತ್ತು. ನಮ್ಮ ತಾಲೂಕುಗಳ ಹುಡುಗ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಅದರ ಮೂಲಕ ಇಂಗ್ಲಿಷ್ ಕಲಿಯಬೇಕಾಗಿತ್ತು. ಕನ್ನಡ ಬೇಕೆಂದರೆ ಐಗಳ ಮಠವೇ ಗತಿ. ಉರ್ದುವಿನ ‘ಇಸ್ಮೆ ಶರೀಫ್’ ಎಂಬ ಆದರದ ಪ್ರಶ್ನೆ ಇಂಗ್ಲಿಷಿಗೆ ದಾಟಿ ‘ವಾಟ್ ಈಸ್ ಯುವರ್ ಗುಡ್ ನೇಮ್’ ಆದದ್ದು ಇಂಥ ಓಣಿಗಳಲ್ಲೇ ಇರಬೇಕು. ಹೊರದೇಶದವರು ಇದನ್ನು ಕೇಳಿ ನಗುತ್ತಾರೆ, ನಮ್ಮ ಮೇಷ್ಟರೂ ತಪ್ಪೆಂದು ಹೊಡೆದು ಹಾಕುತ್ತಾರೆ. ನನಗೆ ಮಾತ್ರ ಅದರಲ್ಲಿ ಒಂದು ಒಳ್ಳೆಯ ಮನಸ್ಸು ಕಾಣುತ್ತದೆ. ತನ್ನ ಭಾಷೆಯ ಮರ್ಯಾದೆಯನ್ನು ಇನ್ನೊಂದು ಭಾಷೆಗೂ ಒಯ್ಯಬೇಕೆಂಬ ಆಸೆ ಅದು.

1930ರ ದಶಕದಿಂದ ಇಡೀ ದೇಶದ ಹೈಸ್ಕೂಲುಗಳನ್ನು ಆಳಿದ್ದು ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಹಾಗೂ ಪ್ರಬಂಧಲೇಖನದ ಪುಸ್ತಕ. ಅದರಲ್ಲಿ ಗೆಳೆಯರಿಗೆ ಬರೆಯುವ ಪತ್ರವೂ ಇತ್ತು, ವ್ಯಾಪಾರದ ಪತ್ರವೂ ಇತ್ತು. ಆದರೆ ಪರೀಕ್ಷೆಗೆ, ಮುಂದೆ ನೌಕರಿಗೆ ಬೇಕಾದದ್ದು ಅರ್ಜಿ. ಆದ್ದರಿಂದ ನಮ್ಮ ಕಡೆಯ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಸ್ವಂತ ಕೆಲಸಕ್ಕೆಂದು ಬರೆದ ಮೊದಲ ಪತ್ರ ರಜೆಯ ಅರ್ಜಿ. ಜ್ವರ ಬಂದಿರಲಿ, ಅಕ್ಕನ ಮದುವೆ ಇರಲಿ, ಎಳ್ಳಮವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವುದಿರಲಿ, ಬರೆಯುವುದು ಒಂದೇ: ‘ಆಸ್ ಐ ಆಮ್ ಸಫರಿಂಗ್ ಫ್ರಂ ಫೀವರ್’. ಹಬ್ಬಕ್ಕೆ ರಜೆ ಕೇಳುವುದು ಹೇಗೆಂದು ಯಾರೂ ಕಲಿಸದಿದ್ದ ಕಾರಣ ನಮ್ಮ ಶಾಲೆಗಳಲ್ಲಿ ಜ್ವರದ ಹಾವಳಿ ಬಹಳ. ಕೊನೆಗೆ ‘ಯುವರ್ ಒಬೀಡಿಯಂಟ್’. ಇಂಗ್ಲೆಂಡಿನಲ್ಲಿ ‘ವಿಧೇಯ ಸೇವಕ’ ಎಂಬ ಒಕ್ಕಣೆಯನ್ನು ಹಿಂದೆ ಮಂತ್ರಿಗಳು ಸಹ ಬಳಸುತ್ತಿದ್ದರು. ಅದು ಎರಡೂ ಕಡೆಗೆ ಓಡಾಡುವ ಔಪಚಾರಿಕ ಮಾತಾಗಿತ್ತು. ನಮ್ಮಲ್ಲಿಗೆ ಬರುವಷ್ಟರಲ್ಲಿ ಅದು ಒಂದೇ ಕಡೆಗೆ ಹರಿಯುವ ಕಾಲುವೆಯಾಯಿತು.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರಿಗೆ ಬಂತು. ಶಾಲೆಗಳು ಕನ್ನಡಕ್ಕೆ ತಿರುಗಿದವು. ಇಂಗ್ಲಿಷ್ ಕಲಿಸುವ ವಿಧಾನವೂ ಅದೇ ಕಾಲಕ್ಕೆ ಬದಲಾಯಿತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ನಮ್ಮ ಕವಿ ವಿ.ಕೃ. ಗೋಕಾಕರು ಅದರ ನಿರ್ದೇಶಕರಾಗಿದ್ದರು. 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂತು. ಶಿಕ್ಷಕರಿಗೆ ‘ಸ್ಟ್ರಕ್ಚರಲ್’ ಪದ್ಧತಿಯ ತರಬೇತಿ ಕೊಡಲಾಯಿತು. ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ, ಒಂದೊಂದನ್ನೇ ತೋರಿಸಿ, ಹೇಳಿಸಿ, ಬಾಯಿಗೆ ಕೂರಿಸುವ ಪದ್ಧತಿ ಅದು. ‘ದಿಸ್ ಈಸ್ ಎ ಪೆನ್, ದಟ್ ಈಸ್ ಎ ಬುಕ್’ ಎಂದು ಇಡೀ ತರಗತಿ ಏಕಕಂಠದಲ್ಲಿ ಕೂಗುತ್ತಿತ್ತು.

ಈ ಪದ್ಧತಿಯನ್ನು ಹಳಿಯುವುದು ಈಗ ಸುಲಭ. ಇಂಗ್ಲಿಷನ್ನು ಎಂದೂ ಕೇಳದ ಹಳ್ಳಿಯ ಹುಡುಗರ ಬಾಯಿಂದ ಪೂರ್ಣ ವಾಕ್ಯ ಹೊರಡಿಸಿದ ಉಪಕಾರ ಅದರದು. ಆದರೆ ಕೈಯಲ್ಲಿ ಪೆನ್ನು ಹಿಡಿದುಕೊಂಡು ಎದುರಿಗಿದ್ದವನಿಗೆ ‘ಇದು ಪೆನ್ನು’ ಎಂದು ಹೇಳುವ ಮನುಷ್ಯ ಲೋಕದಲ್ಲಿ ಇಲ್ಲ. ಪೆನ್ನನ್ನು ಕೇಳುತ್ತೇವೆ, ಕೊಡುತ್ತೇವೆ, ಮರಳಿಸಲಿಲ್ಲವೆಂದು ಜಗಳವಾಡುತ್ತೇವೆ. ಪುಸ್ತಕದಲ್ಲಿ ಅಚ್ಚು ಇತ್ತು, ಅದರಲ್ಲಿ ಎರಕ ಹೊಯ್ಯುವ ಸಂದರ್ಭ ಇರಲಿಲ್ಲ.

ಇದರ ಪರಿಣಾಮ ಬಹುಕಾಲ ನಿಂತಿತು. ಲಿಂಗಸುಗೂರು ಕಡೆಯ ಪದವೀಧರನೊಬ್ಬ ಬೆಂಗಳೂರಿನ ಒಂದು ಕಂಪನಿಯ ಸಂದರ್ಶನಕ್ಕೆ ಹೋಗಿ ಬಂದವನು ನನಗೆ ಹೇಳಿದ ಸಂಗತಿ ಇದು. ‘ಕ್ಯಾನ್ ಯೂ ಟೆಲ್ ಅಸ್ ಸಮ್‌ಥಿಂಗ್ ಅಬೌಟ್ ಯುವರ್‌ಸೆಲ್ಫ್?’ ಎಂದು ಅವರು ಕೇಳಿದರಂತೆ. ಇವನು ‘ಯೆಸ್ ಸರ್, ಐ ಕ್ಯಾನ್’ ಎಂದು ಹೇಳಿ ಮುಂದಿನ ಪ್ರಶ್ನೆಗೆ ಕಾಯುತ್ತ ಕುಳಿತ. ಅವರೂ ಕಾದರು. ಶಾಲೆಯಲ್ಲಿ ‘ಕ್ಯಾನ್ ಯೂ ಸ್ವಿಮ್? ಯೆಸ್, ಐ ಕ್ಯಾನ್’ ಎಂದು ನೂರು ಸಲ ಹೇಳಿದ ಹುಡುಗ ಅವನು. ವ್ಯಾಕರಣದ ಪ್ರಕಾರ ಉತ್ತರ ಅಪ್ಪಟ ಸರಿ. ಎದ್ದು ಬರುವಾಗ ವಿನಯದಿಂದ ‘ಐ ವಿಲ್ ಕಮ್ ಸರ್’ ಎಂದ. ‘ವೆನ್?’ ಎಂದು ಕೇಳಿ ನಕ್ಕರಂತೆ. ನಮ್ಮಲ್ಲಿ ಹೊರಡುವವನು ‘ಹೋಗ್ತೀನಿ’ ಎನ್ನುವುದು ಅಶುಭ, ‘ಬರ್ತೀನ್ರಿ’ ಎಂದೇ ಹೇಳಬೇಕು. ಅವನ ಮನೆಯವರು ಕಲಿಸಿದ ಒಳ್ಳೆಯ ನಡತೆ ಅಲ್ಲಿ ನಗೆಗೀಡಾಯಿತು. ‘ಸರ್, ನನಗ ಇಂಗ್ಲಿಷ್ ಬರ್ತಿತ್ರಿ, ಆದ್ರ ಅವರು ಆಡಿದ್ದು ಬ್ಯಾರೆ ಇಂಗ್ಲಿಷ್’ ಎಂದ ಆ ಹುಡುಗ. ನಮ್ಮ ಪಠ್ಯಪುಸ್ತಕಗಳ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಭಾಷಾತಜ್ಞರು ಈ ಕೊರತೆಯನ್ನು ಗಮನಿಸದೆ ಇರಲಿಲ್ಲ. ಅಮೆರಿಕದ ಡೆಲ್ ಹೈಮ್ಸ್ 1960ರ ದಶಕದಲ್ಲೇ, ವಾಕ್ಯ ಸರಿಯಾಗಿದ್ದರೆ ಸಾಲದು, ಅದು ಸಂದರ್ಭಕ್ಕೆ ಒಪ್ಪುವಂತಿರಬೇಕು ಎಂದು ವಾದಿಸಿದ. 1976ರಲ್ಲಿ ಡಿ.ಎ. ವಿಲ್ಕಿನ್ಸ್ ವ್ಯಾಕರಣದ ಬದಲು ‘ಕೇಳುವುದು, ಒಪ್ಪುವುದು, ನಿರಾಕರಿಸುವುದು’ ಮುಂತಾದ ಕೆಲಸಗಳ ಸುತ್ತ ಪಠ್ಯಕ್ರಮ ಕಟ್ಟಬಹುದೆಂದು ತೋರಿಸಿದ. ಇದೇ ಹೊತ್ತಿಗೆ ನಮ್ಮ ರಾಜ್ಯದಲ್ಲೇ ಜಗತ್ತಿನ ಗಮನ ಸೆಳೆದ ಒಂದು ಪ್ರಯೋಗ ನಡೆಯಿತು. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಆ ಯೋಜನೆಗೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಯಿತು. ವ್ಯಾಕರಣದ ಪಾಠವನ್ನು ಬಿಟ್ಟು, ರೈಲ್ವೆ ವೇಳಾಪಟ್ಟಿ, ನಕ್ಷೆಗಳಂಥವನ್ನು ಕೊಟ್ಟು ಮಕ್ಕಳಿಂದ ಲೆಕ್ಕ ಹಾಕಿಸುವುದು, ಆ ತಲೆಕೆಡಿಸಿಕೊಳ್ಳುವಿಕೆಯ ನಡುವೆಯೇ ಭಾಷೆ ಬರುತ್ತದೆ ಎಂಬುದು ಅವರ ನಂಬಿಕೆ. ಆದರೆ ಪ್ರಭು ಅವರು ಸಾಮಾಜಿಕ ಔಚಿತ್ಯವನ್ನು ಗುರಿಯಾಗಿ ಇಟ್ಟುಕೊಳ್ಳಲಿಲ್ಲ. ನಮ್ಮ ಮಕ್ಕಳಿಗೆ ಮೊದಲು ಬೇಕಾದದ್ದು ವ್ಯಾಕರಣದ ಹಿಡಿತ, ಅದು ಅರ್ಥದ ಮೂಲಕ ಬರಲಿ ಎಂಬುದು ಅವರ ವಿಚಾರವಾಗಿತ್ತು. ಅದನ್ನವರು ಮುಚ್ಚುಮರೆಯಿಲ್ಲದೆ ಹೇಳಿದರು. ಒಪ್ಪಬಹುದು, ಬಿಡಬಹುದು, ಅಂತೂ ಮಾತಿನ ಹದದ ಪ್ರಶ್ನೆ ಮತ್ತೆ ಹಿಂದಕ್ಕೆ ಉಳಿಯಿತು.

ಆಮೇಲೆ ಬಂದ ಪುಸ್ತಕಗಳಲ್ಲಿ ಸಂಭಾಷಣೆಗಳು ತುಂಬಿದವು. ಕರ್ನಾಟಕದಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ವಿಷಯ ಆರಂಭವಾಯಿತು. ಎಸ್.ಎಸ್.ಎಲ್.ಸಿ. ಇಂಗ್ಲಿಷ್ ಪ್ರಶ್ನೆಪತ್ರಿಕೆಗೆ ‘ಲ್ಯಾಂಗ್ವೇಜ್ ಫಂಕ್ಷನ್’ ಎಂಬ ಪ್ರಶ್ನೆ ಬಂತು. ಎರಡು ಮೂರು ಸಾಲಿನ ಸಂಭಾಷಣೆ ಕೊಟ್ಟು, ಗೆರೆ ಎಳೆದ ವಾಕ್ಯ ವಿನಂತಿಯೋ, ಸಲಹೆಯೋ, ಅನುಮತಿ ಕೇಳುವುದೋ, ಸಹಾಯ ನೀಡುವುದೋ ಎಂದು ನಾಲ್ಕರಲ್ಲಿ ಒಂದನ್ನು ಆರಿಸಲು ಹೇಳುತ್ತಾರೆ. ಆಸ್ಟಿನ್‌ನ ವಿಚಾರ ಹಾರ್ವರ್ಡಿನಿಂದ ಹೊರಟು ಸಿಂಧನೂರಿನ ಪರೀಕ್ಷಾ ಕೊಠಡಿಯವರೆಗೆ ಬಂದದ್ದು ಸಣ್ಣ ಪ್ರಯಾಣವಲ್ಲ. ಸಂತೋಷವೇ. ಆದರೆ ದಾರಿಯಲ್ಲಿ ಅದರ ರಸ ಹಿಂಗಿಹೋಯಿತು. ‘ಕುಡ್ ಯೂ’ ಎಂದು ಕಂಡರೆ ವಿನಂತಿ, ‘ವೈ ಡೋಂಟ್ ಯೂ’ ಎಂದರೆ ಸಲಹೆ, ‘ಮೇ ಐ’ ಎಂದರೆ ಅನುಮತಿ ಎಂದು ಮೇಷ್ಟರು ಬೋರ್ಡಿನ ಮೇಲೆ ಪಟ್ಟಿ ಬರೆಯುತ್ತಾರೆ, ಮಕ್ಕಳು ಉರು ಹೊಡೆಯುತ್ತಾರೆ, ಒಂದು ಅಂಕ ಬರುತ್ತದೆ. ಯಾರು ಯಾರಿಗೆ ಹೇಳಿದರು, ಇದೇ ವಿನಂತಿಯನ್ನು ತಮ್ಮನಿಗಾದರೆ ಹೇಗೆ ಹೇಳುತ್ತಿದ್ದರು, ಎದುರಿನವನು ಒಲ್ಲೆ ಎಂದರೆ ಮುಂದೇನು ಎಂಬ ಪ್ರಶ್ನೆಗಳು ಪಟ್ಟಿಯ ಹೊರಗೆ ಉಳಿಯುತ್ತವೆ. ವಿನಂತಿಯನ್ನು ಗುರುತಿಸಬಲ್ಲ ಮಗು ವಿನಂತಿ ಮಾಡಬಲ್ಲದು ಎಂದು ಹೇಳಲು ಬರುವುದಿಲ್ಲ. ಈಜು ಎಂಬ ಪದಕ್ಕೆ ಗೆರೆ ಎಳೆದವನನ್ನು ಯಾರೂ ತುಂಗಭದ್ರಾ ಕಾಲುವೆಗೆ ಇಳಿಸುವುದಿಲ್ಲ.

ಇದು ನಮ್ಮ ರಾಜ್ಯದ ಪುಸ್ತಕಗಳಿಗೆ ಮಾತ್ರ ಅಂಟಿದ ದೋಷವಲ್ಲ. ಪರಭಾಷಿಕರಿಗೆ ಇಂಗ್ಲಿಷ್ ಕಲಿಸುವ ಪುಸ್ತಕಗಳನ್ನು ಪರಿಶೀಲಿಸಿದ ಹೈಡಿ ವೆಲೆಂಗಾ ಅವರು 2004ರಲ್ಲಿ ಬರೆದ ಲೇಖನದಲ್ಲಿ, ದೊಡ್ಡ ಪ್ರಕಾಶಕರ ಪುಸ್ತಕಗಳಲ್ಲೂ ಯಾವ ಮಾತು ಯಾರಿಗೆ ಸಲ್ಲುತ್ತದೆ ಎಂಬ ವಿವರಣೆ ಬಹಳ ಕಡಿಮೆ ಎಂದು ತೋರಿಸಿದ್ದಾರೆ. ಅದಕ್ಕೂ ಮುಂಚೆ, 1991ರಲ್ಲಿ, ಕ್ಯಾಥ್ಲೀನ್ ಬಾರ್ಡೋವಿ-ಹಾರ್ಲಿಗ್ ಮತ್ತು ಸಂಗಡಿಗರು ಪುಸ್ತಕದ ಸಂಭಾಷಣೆಗಳು ಹೇಗೆ ಮುಗಿಯುತ್ತವೆ ಎಂದು ನೋಡಿದ್ದರು. ಜನ ನಿಜವಾಗಿ ಬೀಳ್ಕೊಡುವ ಬಗೆಯನ್ನು ಪೂರ್ತಿ ತೋರಿಸುವ ಸಂಭಾಷಣೆಗಳು ಪುಸ್ತಕಗಳಲ್ಲಿ ವಿರಳವೆಂದು ಅವರಿಗೆ ಕಂಡುಬಂತು. ಬೀಳ್ಕೊಡುವುದನ್ನೇ ಕಲಿಸದ ಪುಸ್ತಕ ಓದಿದ ನಮ್ಮ ಹುಡುಗ ‘ಐ ವಿಲ್ ಕಮ್’ ಎಂದದ್ದರಲ್ಲಿ ಆಶ್ಚರ್ಯವೇನಿದೆ?

ಈ ಎಲ್ಲ ಪುಸ್ತಕಗಳೂ ತಮ್ಮಲ್ಲೇ ಎಷ್ಟು ಭಿನ್ನವಾಗಿದ್ದರೂ ಒಂದು ವಿಷಯದಲ್ಲಿ ಒಂದೇ ಆಗಿದ್ದವು. ಮಗು ಬರಿಗೈಯಲ್ಲಿ ಬರುತ್ತದೆ, ಮರ್ಯಾದೆಯ ಮಾತು ಅದಕ್ಕೆ ಗೊತ್ತಿಲ್ಲ ಎಂದು ಅವು ಭಾವಿಸಿದವು. ಈ ಭಾವನೆ ಎಷ್ಟು ಸುಳ್ಳೆಂದು ತಿಳಿಯಲು ಸಿಂಧನೂರಿನ ಪೇಟೆಯಲ್ಲಿ ಅರ್ಧ ತಾಸು ನಿಂತರೆ ಸಾಕು. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆಂಧ್ರದಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ಕೊಟ್ಟಿತು. ತಾಂಡಾಗಳ ಲಂಬಾಣಿಗರು, ಊರ ಮುಸಲ್ಮಾನರು ಮೊದಲಿಂದಲೂ ಇದ್ದರು. ಹೀಗಾಗಿ ಕಿರಾಣಿ ಅಂಗಡಿಯ ಹನ್ನೆರಡು ವರ್ಷದ ಹುಡುಗ ಒಂದೇ ಮುಂಜಾನೆಯಲ್ಲಿ ಕ್ಯಾಂಪಿನ ರೈತನಿಗೆ ತೆಲುಗಿನ ‘ಅಂಡಿ’ ಹಚ್ಚುತ್ತಾನೆ, ಸಾಬರ ಅಜ್ಜನಿಗೆ ‘ಆಪ್’ ಎನ್ನುತ್ತಾನೆ, ಬಂಗಾಳಿ ಗಿರಾಕಿಯನ್ನು ‘ದಾದಾ’ ಎಂದು ಕರೆಯುತ್ತಾನೆ, ಹಳ್ಳಿಯಿಂದ ಬಂದ ಮುದುಕಿಗೆ ‘ಬಾರಬೇ ಯಮ್ಮಾ, ಕುಂದರು’ ಎನ್ನುತ್ತಾನೆ, ಮಾಸ್ತರು ಕಂಡರೆ ‘ಬರ್ರಿ ಸರ್’ ಎಂದು ಎದ್ದು ನಿಲ್ಲುತ್ತಾನೆ. ಉದ್ರಿ ಕೇಳಿದವನಿಗೆ ‘ಇಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳದೆ ‘ಅಪ್ಪ ಬರ್ಲಿ ತಡೀರಿ’ ಎಂದು ಜಾರಿಕೊಳ್ಳುತ್ತಾನೆ. ಇಷ್ಟು ಹದ ಬಲ್ಲವನು ಮಧ್ಯಾಹ್ನ ಇಂಗ್ಲಿಷ್ ತರಗತಿಯಲ್ಲಿ ಮೂಕನಾಗುತ್ತಾನೆ.

ಕನ್ನಡದ ಮರ್ಯಾದೆ ಇರುವುದು ಬೇರೆ ಕಡೆ. ಇಂಗ್ಲಿಷಿನಲ್ಲಿ ಅದು ‘ಪ್ಲೀಸ್’, ‘ಥ್ಯಾಂಕ್ ಯೂ’ ಎಂದು ಬಿಡಿ ನಾಣ್ಯಗಳಂತೆ ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಅದು ಕ್ರಿಯಾಪದದ ಬಾಲದಲ್ಲಿ ‘ರಿ’ ಆಗಿ ಅಡಗಿ ಕೂತಿದೆ. ‘ಒಂದೀಟು ನೀರು ಕೊಡ್ರಿ’ ಎಂಬಲ್ಲಿ ‘ದಯವಿಟ್ಟು’ ಇಲ್ಲ. ‘ಒಂದೀಟು’ ಕೇಳಿಕೆಯನ್ನು ಸಣ್ಣದು ಮಾಡುತ್ತದೆ, ‘ರಿ’ ಕೊಡುವವರನ್ನು ದೊಡ್ಡವರನ್ನಾಗಿ ಮಾಡುತ್ತದೆ. ಇದನ್ನು ಪದಕ್ಕೆ ಪದ ಇಂಗ್ಲಿಷಿಗೆ ಇಳಿಸಿದರೆ ‘ಗಿವ್ ವಾಟರ್’ ಎಂದಾಗುತ್ತದೆ. ಬಾಲ ಉದುರಿತು, ಹುಡುಗ ಒರಟನೆನಿಸಿಕೊಂಡ. ಉಪಕಾರ ಮಾಡಿದವರಿಗೆ ‘ಭಾಳ ಚಲೋ ಆತ್ರಿ’, ‘ಪುಣ್ಯಾ ಬರ್ಲಿ ಯಪ್ಪಾ’ ಎನ್ನುವ ನಮ್ಮವರಿಗೆ ಕೃತಜ್ಞತೆ ತಿಳಿ­ಯದೆಂದು ಪಟ್ಟಣದವರು ತೀರ್ಮಾನಿಸುತ್ತಾರೆ. ಮನೆಗೆ ಬಂದವರನ್ನು ಹದುಳ ಕೇಳಿ ಕೂರಿಸುವುದನ್ನೇ ವಿಷಯವಾಗಿಸಿಕೊಂಡು 12ನೆಯ ಶತಮಾನದಲ್ಲಿ ಬಸವಣ್ಣನವರು ವಚನ ಹೇಳಿದ ನಾಡು ಇದು ಎಂಬುದನ್ನು ನೆನಪಿಸಬೇಕಾಗುತ್ತದೆ.

ಇನ್ನೂ ಒಂದು ಸೋಜಿಗವಿದೆ. ರಜೆ ಕೇಳಲು ಬಂದ ನಮ್ಮ ಹುಡುಗ ಕನ್ನಡದಲ್ಲಿ ‘ನಾಳೆ ರಜಾ ಬೇಕಾಗಿತ್ರಿ’ ಎನ್ನುತ್ತಾನೆ. ಬೇಕಾಗಿರುವುದು ನಾಳೆ, ಕ್ರಿಯಾಪದ ಮಾತ್ರ ಭೂತಕಾಲದ್ದು. ಆಸೆಯನ್ನು ನಿನ್ನೆಗೆ ಸರಿಸಿಬಿಟ್ಟರೆ ಎದುರಿನವರಿಗೆ ಇಲ್ಲವೆನ್ನಲು ಸಂಕೋಚವಾಗುವುದಿಲ್ಲ. ಇಂಗ್ಲಿಷಿನವರೂ ಇದನ್ನೇ ಮಾಡುತ್ತಾರೆ: ‘ಐ ವಾಂಟೆಡ್ ಟು ಆಸ್ಕ್’, ‘ಐ ವಾಸ್ ವಂಡರಿಂಗ್’. ಸಾವಿರಾರು ಮೈಲಿ ದೂರದ, ಬೇರೆ ಬೇರೆ ಕುಲದ ಎರಡು ಭಾಷೆಗಳು ಸಂಕೋಚ ಬಂದಾಗ ಭೂತಕಾಲದ ಮರೆಗೆ ಹೋಗುತ್ತವೆ. ಇಂಥ ಸಾಮ್ಯಗಳನ್ನು ವಿದ್ವಾಂಸರು ಹುಡುಕಿದ್ದಾರೆ. ಬ್ರೌನ್ ಮತ್ತು ಲೆವಿನ್ಸನ್ 1978ರಲ್ಲಿ ಪ್ರಕಟಿಸಿದ ವಿನಯದ ಸಿದ್ಧಾಂತಕ್ಕೆ ಇಂಗ್ಲಿಷ್ ಮತ್ತು ಮೆಕ್ಸಿಕೋದ ಒಂದು ಭಾಷೆಯ ಜೊತೆಗೆ ತಮಿಳುನಾಡಿನ ಹಳ್ಳಿಯೊಂದರ ಮಾತೂ ಆಧಾರವಾಗಿತ್ತು. ನಮ್ಮ ನೆರೆಯ ಹಳ್ಳಿಯ ಮಾತಿನಿಂದ ಜಗತ್ತಿಗೆ ಸಿದ್ಧಾಂತ ಹುಟ್ಟಿತು. ಆದರೆ ಇಂಗ್ಲಿಷ್ ಕ್ಲಾಸಿನಲ್ಲಿ ‘ಬೇಕಾಗಿತ್ರಿ’ಯನ್ನೂ ‘ಐ ವಾಂಟೆಡ್ ಟು ಆಸ್ಕ್’ ಅನ್ನೂ ಪಕ್ಕ ಪಕ್ಕ ಇಟ್ಟು ತೋರಿಸುವ ಒಂದು ಪುಟ ನನ್ನ ಕಣ್ಣಿಗೆ ಬಿದ್ದಿಲ್ಲ. ಅದರ ಬದಲು ಹುಡುಗ ‘ಐ ವಾಂಟ್ ಲೀವ್ ಟುಮಾರೋ’ ಎನ್ನುತ್ತಾನೆ, ಇಲ್ಲವೇ ಹಳೆಯ ಅರ್ಜಿಯ ಇಂಗ್ಲಿಷಿಗೆ ಮರಳಿ ‘ಐ ಬೆಗ್ ಟು ಸ್ಟೇಟ್’ ಎನ್ನುತ್ತಾನೆ. ಒಂದರಲ್ಲಿ ಧಿಮಾಕು ಕಾಣುತ್ತದೆ, ಇನ್ನೊಂದರಲ್ಲಿ ದೈನ್ಯ. ಅವನ ನಿಜವಾದ ಮನಸ್ಸು ಎರಡರಲ್ಲೂ ಇಲ್ಲ.

ಇಂಗ್ಲಿಷರ ಮರ್ಯಾದೆ ನಮಗ್ಯಾಕೆ, ನಮ್ಮ ಇಂಗ್ಲಿಷ್ ನಮ್ಮ ರೀತಿಯಲ್ಲೇ ಇರಲಿ ಎಂದು ವಾದಿಸುವವರಿದ್ದಾರೆ. ‘ಗುಡ್ ನೇಮ್’ ವಿಷಯದಲ್ಲಿ ನಾನು ಅವರ ಪಕ್ಷದವನೇ. ಆದರೆ ಸಂದರ್ಶನದ ಕೋಣೆಯಲ್ಲಿ ಅಳೆಯುವ ಮಾಪು ನಮ್ಮ ಕೈಯಲ್ಲಿಲ್ಲ. 371(ಜೆ) ವಿಧಿಯನ್ನು ತಂದ 98ನೆಯ ತಿದ್ದುಪಡಿಯಿಂದ ನಮ್ಮ ಭಾಗದ ಮಕ್ಕಳಿಗೆ ಶಿಕ್ಷಣದಲ್ಲೂ ಸರ್ಕಾರಿ ನೌಕರಿಯಲ್ಲೂ ಮೀಸಲಾತಿ ದೊರೆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಕಾಯಿದೆ ಬಾಗಿಲವರೆಗೆ ಕರೆತರುತ್ತದೆ. ಒಳಗೆ ಹೋದ ಮೇಲೆ ಬಾಯಿ ತೆರೆಯಬೇಕಾದವರು ಮಕ್ಕಳೇ. ಖಾಸಗಿ ಕಂಪನಿಗಳಲ್ಲಿ ಆ ಬಾಗಿಲೂ ಇಲ್ಲ. ವಿಷಯ ತಿಳಿದಿದ್ದೂ ಮಾತಿನ ಹದ ತಪ್ಪಿತೆಂದು ಹಿಂದೆ ಬೀಳುವ ಮಕ್ಕಳ ಲೆಕ್ಕ ಯಾವ ಫಲಿತಾಂಶ ಪಟ್ಟಿಯಲ್ಲೂ ಬರುವುದಿಲ್ಲ. ಅವರು ಊರಿಗೆ ಬಂದು ‘ನಮಗ ಇಂಗ್ಲಿಷ್ ಬರಂಗಿಲ್ಲ’ ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ಸುಮ್ಮನಾಗುತ್ತಾರೆ. ಅದು ಸುಳ್ಳು ತೀರ್ಪು.

ಇನ್ನು ಕೆಲವರು, ‘ಪ್ಲೀಸ್, ಸಾರಿ, ಥ್ಯಾಂಕ್ಸ್ ಕಲಿಸಿದರೆ ಆಯಿತಲ್ಲ’ ಎನ್ನುತ್ತಾರೆ. ದುಬಾರಿ ಶಾಲೆಗಳು ಮಾಡುತ್ತಿರುವುದು ಅದನ್ನೇ. ಅಲ್ಲಿ ಕಲಿತ ಮಗು ಹೆತ್ತ ತಾಯಿ ಬುತ್ತಿ ಕಟ್ಟಿಕೊಟ್ಟರೂ ‘ಥ್ಯಾಂಕ್ಸ್ ಮಮ್ಮಿ’ ಎನ್ನುತ್ತದೆ. ಕಸ ಗುಡಿಸುವ ಅಜ್ಜಿಗೆ ಮಾತ್ರ ಏಕವಚನ. ನಾಣ್ಯ ಕೈಗೆ ಬಂತು, ಎಲ್ಲಿ ಖರ್ಚು ಮಾಡಬೇಕೆಂಬ ವಿವೇಕ ಬರಲಿಲ್ಲ.

ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಪ್ರತಿ ಪಾಠದ ಕೊನೆಗೆ ಒಂದು ಪುಟ ಸಾಕು. ಅದರ ಎಡಗಡೆ ಮಗುವಿನ ಮನೆಯ ಮಾತು ಇರಲಿ: ನೀರು ಕೇಳುವುದು, ರಜೆ ಕೇಳುವುದು, ಉದ್ರಿ ಒಲ್ಲೆನೆನ್ನುವುದು, ಹಿರಿಯರ ಮಾತನ್ನು ಒಪ್ಪದೆ ಇರುವುದು, ಹೊರಟು ನಿಲ್ಲುವುದು. ಬಲಗಡೆ ಇಂಗ್ಲಿಷಿನವರು ಅದೇ ಕೆಲಸವನ್ನು ಹೇಗೆ ಮಾಡುತ್ತಾರೆ ಎಂಬುದು ಇರಲಿ. ಗೆಳೆಯನಿಗೆ ಒಂದು, ಮೇಲಧಿಕಾರಿಗೆ ಒಂದು, ಅಪರಿಚಿತರಿಗೆ ಒಂದು. ಇನ್ಶಾ ಬರೆದವರು ಐನೂರು ವರ್ಷದ ಹಿಂದೆಯೇ ಮೂರು ದಾರಿ ತೋರಿಸಿದ್ದರು, ಅವೇ ದಾರಿಗಳು. ಎಡಗಡೆಯ ಸಾಲುಗಳನ್ನು ಬೆಂಗಳೂರಿನ ಸಮಿತಿ ಬರೆಯುವುದು ಬೇಡ. ತೆಲುಗು, ಉರ್ದು, ಬಂಗಾಳಿ, ಲಂಬಾಣಿ ಮಾತಾಡುವ ಮಕ್ಕಳೇ ತರಗತಿಯಲ್ಲಿ ಹೇಳಲಿ, ಶಿಕ್ಷಕರು ಬೋರ್ಡಿನ ಮೇಲೆ ಬರೆಯಲಿ. ಯಾವುದು ಮೇಲು, ಯಾವುದು ಕೀಳು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ತಮಗೆ ಗೊತ್ತಿದ್ದ ವಿದ್ಯೆಯೇ ಇನ್ನೊಂದು ವೇಷದಲ್ಲಿ ಬಂದಿದೆ ಎಂಬುದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ಮಸ್ಕಿಯ ಶಾಸನದಲ್ಲಿ ಅಶೋಕ ಒಂದು ಮಾತನ್ನು ಒತ್ತಿ ಹೇಳಿಸಿದ್ದಾನೆ. ದೊಡ್ಡವರು ಮಾತ್ರ ಇದನ್ನು ಸಾಧಿಸಬಲ್ಲರೆಂದು ತಿಳಿಯಬಾರದು, ಸಣ್ಣವರೂ ಸಾಧಿಸಬಲ್ಲರು, ಇಬ್ಬರಿಗೂ ಇದನ್ನು ತಿಳಿಸಬೇಕು ಎಂಬ ಅರ್ಥದ ಮಾತು ಅದು. ಅವನು ಹೇಳಿದ್ದು ಧರ್ಮದ ವಿಷಯ. ಮಾತಿನ ಹದಕ್ಕೂ ಅದು ಸಲ್ಲುತ್ತದೆ. ಮಸ್ಕಿ ಈಗ ತಾಲೂಕು ಕೇಂದ್ರ. ಆ ಗುಡ್ಡಕ್ಕೆ ಪ್ರವಾಸ ಹೋಗುವ ಮಕ್ಕಳ ಚೀಲದಲ್ಲಿ ಇಂಗ್ಲಿಷ್ ಪುಸ್ತಕವೂ ಇರುತ್ತದೆ. ಅದರಲ್ಲಿ ಜ್ವರದ ಅರ್ಜಿಯ ಜೊತೆಗೆ, ಚರಗ ಚೆಲ್ಲಲು ಹೊಲಕ್ಕೆ ಹೋಗಬೇಕಾಗಿದೆ, ಒಂದು ದಿನ ರಜೆ ಬೇಕಾಗಿತ್ತು ಎಂದು ತಲೆಯೆತ್ತಿ ನಿಜ ಹೇಳುವ ಒಂದು ಪತ್ರವೂ ಇದ್ದರೆ, ಅದನ್ನು ಓದಿದ ಮಗು ಮುಂದೆ ಯಾವ ಕೋಣೆಯಲ್ಲಾದರೂ ಬಾಯಿ ತೆರೆದೀತು.